ಮೂರು ಕೂಗಿನ ಕೋಸು

ಅಕ್ಕನಿಗೆ ತನ್ನ ಕೈಯ ಮೇಲೆ ನಂಬಿಕೆ ಹೋಗಿದೆಯಂತೆ. ಇಷ್ಟನ್ನು ಹೇಳುವುದಕ್ಕೆ ಭಾವ ತಮ್ಮ ಗಡಿಯಾರ ರಿಪೇರಿ ಅಂಗಡಿಗೆ ಬೀಗ ಹಾಕಿ, ಎರಡು ಬಸ್ಸು ಬದಲಾಯಿಸಿ, ಆಸ್ಪತ್ರೆಯ ಹಿಂಬಾಗಿಲಿನವರೆಗೆ ಬಂದಿದ್ದರು. ಅವನು ಕೈಗವಸು ಕಳಚಿ, ಕೈ ತೊಳೆದು, ತೊಳೆದದ್ದು ಸಾಲದೆನಿಸಿ ಮತ್ತೊಮ್ಮೆ ತೊಳೆದು ಹೊರಗೆ ಬರುವಷ್ಟರಲ್ಲಿ ಅವರು ಮೆಟ್ಟಿಲಿನ ಮೇಲೆ ಕೂತು, ಯಾರದೋ ಕೈಗಡಿಯಾರವನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಕೆಲಸದ ಹೊತ್ತಿನಲ್ಲಿ ಭಾವನನ್ನು ಕಂಡದ್ದೇ, ಅಕ್ಕನಿಗೆ ಏನಾಯಿತು ಎಂದ. ಏನೂ ಆಗಿಲ್ಲ, ಕೂತ್ಕೋ ಎಂದರು. ಏನೂ ಆಗಿಲ್ಲ ಎಂದವರು ಆಮೇಲೆ ಹೇಳಿದ್ದೆಲ್ಲ ಆದದ್ದೇ. ಅಕ್ಕ ಮೂರು ದಿನದಿಂದ ನೆಟ್ಟಗೆ ಮಾತಾಡುತ್ತಿಲ್ಲ. ಕೋಸು ಹುಳಿಬರಿಸುವ ಜಾಡಿಗಳನ್ನೆಲ್ಲ ಹಳೇ ಪತ್ರಿಕೆಯಲ್ಲಿ ಸುತ್ತಿ ಇಟ್ಟಿದ್ದಾಳೆ, ಯಾರಿಗೆ ಬೇಕೋ ಒಯ್ಯಲಿ ಅನ್ನುತ್ತಾಳೆ. ಒಡಹುಟ್ಟಿದವನ ಹೊಟ್ಟೆ ಸರಿಮಾಡಲಾರದ ಕೈ ಓಣಿಯವರ ಹೊಟ್ಟೆಗೆ ಏನು ಮಾಡೀತು ಎಂಬುದು ಅವಳ ವಾದ. ಅವಳಿಗೆ ಕೈಗುಣ ಇದೆ ಎಂದು ಓಣಿಯ ಐದು ಮನೆಯವರು ವರ್ಷಾನುಗಟ್ಟಲೆ ಹೇಳಿದ್ದು ಈಗ ಲೆಕ್ಕಕ್ಕೇ ಬರುತ್ತಿಲ್ಲ.

"ಹೋಗಿ ಒಂದ್ ಮಾತು ಹೇಳು, ಹೊಟ್ಟೆ ಈಗ ಹಗುರಾಗಿದೆ ಅಂತ. ನಿಜಾನಾ ಸುಳ್ಳಾ ಅಂತ ನಾನು ಕೇಳಕ್ಕೆ ಬರಲ್ಲ" ಎಂದರು ಭಾವ. ಗಡಿಯಾರವನ್ನು ಕಿಸೆಗೆ ಹಾಕಿಕೊಂಡು ಎದ್ದು, ಪ್ಯಾಂಟಿನ ಧೂಳು ಕೊಡವಿಕೊಳ್ಳುತ್ತ ಇನ್ನೊಂದು ಮಾತು ಸೇರಿಸಿದರು. "ಮೂರು ದಿನದಿಂದ ಮನೇಲಿ ಊಟ ಇದೆ, ರುಚಿ ಇಲ್ಲ. ನಂದೂ ಸ್ವಲ್ಪ ಸ್ವಾರ್ಥ ಇದೆ ಅಂತಾನೇ ಇಟ್ಕೋ."

ಅವರು ಹೋದ ಮೇಲೆ ಅವನು ಆವಿಯ ಯಂತ್ರದ ಕೋಣೆಗೆ ಮರಳಿ ಬಾಗಿಲು ಹಾಕಿಕೊಂಡ. ಆಸ್ಪತ್ರೆಯ ಕತ್ತರಿ, ಚಿಮುಟ, ಬಟ್ಟೆ, ಬಟ್ಟಲು ಎಲ್ಲವೂ ಈ ಕೋಣೆಯಲ್ಲಿ, ಕ್ರಿಮಿಯೆಲ್ಲ ಸಾಯುವಂತೆ, ಅವನ ಕಣ್ಣೆದುರು ಬೆಂದೇ ಹೊರಗೆ ಹೋಗಬೇಕು. ಬಟ್ಟೆಯಲ್ಲಿ ಸುತ್ತಿದ ಪ್ರತಿ ಗಂಟಿನ ಮೇಲೂ ಒಂದು ಅಂಟುಪಟ್ಟಿ. ಆವಿ ತಾಗಿದರೆ ಅದರ ತಿಳಿಬಣ್ಣದ ಗೆರೆಗಳು ಕಪ್ಪಾಗುತ್ತವೆ. ಗೆರೆ ಕಪ್ಪಾಗಿದೆಯೋ ಇಲ್ಲವೋ ಎಂದು ಉಳಿದವರು ಒಮ್ಮೆ ನೋಡಿದರೆ ಅವನು ಎರಡು ಸಲ ನೋಡುತ್ತಾನೆ, ಗಂಟು ಬಾಗಿಲು ದಾಟಿದ ಮೇಲೆ ಓಡಿಹೋಗಿ ಮೂರನೇ ಸಲ. ಅದಕ್ಕೇ ದಾದಿಯರು ಅವನನ್ನು ಹಿಂದಿನಿಂದ 'ಇನ್ನೊಂದ್ಸಲ' ಎಂದು ಕರೆಯುತ್ತಾರೆ. ಅದು ಅವನಿಗೂ ಗೊತ್ತು. ಅದರಲ್ಲಿ ಹಾಸ್ಯ ಎಷ್ಟು, ಮೆಚ್ಚುಗೆ ಎಷ್ಟು ಎಂದು ಇಪ್ಪತ್ತು ವರ್ಷದಿಂದ ತೂಗಿ ನೋಡುತ್ತಿದ್ದಾನೆ. ಈ ಕೆಲಸವನ್ನು ಅವನು ಕಲಿತದ್ದು ಸಂಜೆಯ ತರಗತಿಯಲ್ಲಿ, ಹಗಲೆಲ್ಲ ಲಾಂಡ್ರಿಯಲ್ಲಿ ಬಟ್ಟೆ ಹಿಂಡಿ ಬಂದು. ಪಾಠ ಹೇಳುವ ಮೇಷ್ಟ್ರು ಮೊದಲ ದಿನ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಚುಕ್ಕೆ ಇಟ್ಟು, ಇಷ್ಟು ಜಾಗದಲ್ಲಿ ಒಂದು ಊರೇ ಬದುಕಿರುತ್ತದೆ ಎಂದಿದ್ದರು. ಅವನು ಆ ಚುಕ್ಕೆಯನ್ನು ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡು, ಬಸ್ಸಿನ ಕಂಬಿ ಹಿಡಿಯದೆ ಮನೆಗೆ ಬಂದಿದ್ದ. ಅಕ್ಕ ತಟ್ಟೆ ಮುಚ್ಚಿಟ್ಟುಕೊಂಡು ಕಾದಿದ್ದಳು. ಇವತ್ತೇನು ಹೇಳಿಕೊಟ್ಟರು ಎಂದು ದಿನವೂ ಕೇಳುವಳು, ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು. ಅವನು ಚುಕ್ಕೆಯ ಸಂಗತಿ ಹೇಳಿದ. ಮಾರನೇ ದಿನದಿಂದ ಅವಳು ಅವನ ತಟ್ಟೆಗೆ ಕುದಿಯುವ ನೀರು ಸುರಿದೇ ಅನ್ನ ಹಾಕಲು ಶುರುಮಾಡಿದಳು. ಯಾಕೆ, ಏನು ಎಂದು ಒಂದು ಮಾತು ಕೇಳಲಿಲ್ಲ. ಅವನು ಕಲಿತು ಬಂದದ್ದು ಅವಳಿಗೆ ಕಾಯಿದೆ.

ಹೊಟ್ಟೆ ಕೆಟ್ಟದ್ದು ಈ ವರ್ಷ. ಕಾಲಿನ ಗಾಯ ಕೀವಾಗಿ, ಆರು ವಾರ ಜೋರಾದ ಮಾತ್ರೆ ನುಂಗಿ, ಗಾಯವೇನೋ ಮಾಯಿತು. ಹೊಟ್ಟೆ ಮಾತ್ರ ಅವತ್ತಿನಿಂದ ಅವನ ಮಾತು ಕೇಳುವುದನ್ನು ಬಿಟ್ಟಿತು. ಉಂಡದ್ದು ಕಲ್ಲಾಗಿ ಕೂರುವುದು, ಇಲ್ಲವೇ ನಿಲ್ಲದೆ ಓಡುವುದು. ಮೇಲಧಿಕಾರಿ ಎಲ್ಲರನ್ನೂ ನಿಲ್ಲಿಸಿಕೊಂಡು ಶುಚಿತ್ವದ ಬಗ್ಗೆ ಮಾತಾಡುವಾಗ ಅವನ ಹೊಟ್ಟೆ ಉದ್ದಕ್ಕೆ ಗುರುಗುಟ್ಟಿ, ಅಧಿಕಾರಿ ಮಾತು ನಿಲ್ಲಿಸಿ, ಪ್ರಶ್ನೆ ಇದೆಯೇ ಎಂದು ಕೇಳಿದ್ದರು. ಹೊಟ್ಟೆಯ ಡಾಕ್ಟರು ಅವನಿಗಿಂತ ಹದಿನೈದು ವರ್ಷ ಚಿಕ್ಕವಳು. ಮಾತ್ರೆ ಕೆಟ್ಟ ಕ್ರಿಮಿಗಳ ಜೊತೆಗೆ ಹೊಟ್ಟೆಯ ಒಳ್ಳೆಯವನ್ನೂ ಒಂದಿಷ್ಟು ಕೊಂದಿರಬಹುದು ಎಂದಳು. ತವುಡು ತೆಗೆಯದ ಕಾಳು, ಸೊಪ್ಪು, ಹಣ್ಣು, ತಾನಾಗಿ ಹುಳಿಬಂದ ಆಹಾರ, ಇವನ್ನು ತಿಂದು ನೋಡಿ, ಅವಸರ ಬೇಡ, ಎಂದು ಒಂದು ಚೀಟಿ ಬರೆದುಕೊಟ್ಟಳು. ಕೊಲ್ಲುವುದನ್ನೇ ಕಸುಬು ಮಾಡಿಕೊಂಡವನ ಹೊಟ್ಟೆಯೊಳಗೂ ಅದೇ ನಡೆದಿದೆ ಎಂದು ಕೇಳಿ ಅವನಿಗೆ ನಗು ಬಂತು, ಡಾಕ್ಟರು ನಗಲಿಲ್ಲ. ಅವನು ಮಾಡಿದ ತಪ್ಪು ಅಂದರೆ ಆ ಚೀಟಿಯನ್ನು ಅಕ್ಕನಿಗೆ ತೋರಿಸಿದ್ದು. ಅವಳು ಕನ್ನಡಕ ಏರಿಸಿ, 'ತಾನಾಗಿ ಹುಳಿಬಂದ' ಎಂಬಲ್ಲಿ ಬೆರಳಿಟ್ಟು, ಪರೀಕ್ಷೆಯಲ್ಲಿ ತನಗೆ ಗೊತ್ತಿರುವ ಪ್ರಶ್ನೆಯೇ ಬಂದವಳ ಹಾಗೆ ಹಿಗ್ಗಿದಳು.

ಯಾವ ಕಾಲದಲ್ಲೋ ಅವಳು ಬಟ್ಟೆ ಹೊಲಿದು ಕೊಡುತ್ತಿದ್ದ ಒಬ್ಬ ಮುದುಕಿ ಅವಳಿಗೆ ಹೇಳಿಕೊಟ್ಟ ವಿದ್ಯೆ ಅದು. ಎಲೆಕೋಸನ್ನು ಎಳೆಎಳೆಯಾಗಿ ಹೆಚ್ಚಿ, ಉಪ್ಪು ಬೆರೆಸಿ, ತನ್ನ ನೀರು ತಾನೇ ಬಿಡುವವರೆಗೆ ಅಂಗೈಯಲ್ಲಿ ಒತ್ತಿ, ಜಾಡಿಗೆ ತುಂಬಿ, ಮೇಲೊಂದು ಕಲ್ಲು ಹೇರಿಟ್ಟರೆ ಆಯಿತು. ಮೂರನೇ ದಿನಕ್ಕೆ ಗುಳ್ಳೆ ಏಳುತ್ತದೆ, ಎರಡು ವಾರಕ್ಕೆ ಹುಳಿ ಕೂಡುತ್ತದೆ. ನಾಲ್ಕು ತಿಂಗಳಿಂದ ಪ್ರತಿ ಭಾನುವಾರ ಅವಳು ಒಂದು ಜಾಡಿಯನ್ನು ಚೀಲದಲ್ಲಿಟ್ಟು, ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಬಸ್ಸಿನಲ್ಲಿ ತಂದು ಕೊಡುತ್ತಾಳೆ. ಮೊದಲ ಜಾಡಿಯನ್ನು ಅವನು ತನ್ನ ಒಂಟಿ ಮನೆಯ ಅಡುಗೆಕಟ್ಟೆಯ ಮೇಲಿಟ್ಟು, ಮುಚ್ಚಳ ತೆಗೆದು ನೋಡುತ್ತ ಕೂತಿದ್ದ. ಕದಡಿದ ನೀರು. ಅಡಿಯಿಂದ ಒಂದೊಂದೇ ಗುಳ್ಳೆ, ಯಾರೋ ಒಳಗಿಂದ ಉಸಿರಾಡುತ್ತಿರುವ ಹಾಗೆ. ಆಸ್ಪತ್ರೆಯಲ್ಲಿ ಇಂಥ ನೀರು ಕಂಡರೆ ಅವನು ಕಾಗದ ಬರೆದು, ಗಂಟೆ ಹೊಡೆದು, ಕೋಣೆಯನ್ನೇ ಮುಚ್ಚಿಸುತ್ತಿದ್ದ. ತಿನ್ನಲಾರ. ಚೆಲ್ಲಲೂ ಆರ. ರಾತ್ರಿಯ ಹೊತ್ತಿಗೆ ಫೋನು ಬರುತ್ತದೆ, ತಿಂದೆಯಾ ಎಂದು ಕೇಳುತ್ತಾಳೆ, ಅವನಿಗೆ ಹುಟ್ಟಿನಿಂದಲೇ ಸುಳ್ಳು ಒಗ್ಗುವುದಿಲ್ಲ. ಕೊನೆಗೆ ಅಷ್ಟನ್ನೂ ಕುಕ್ಕರಿಗೆ ಸುರಿದು ಮೂರು ಕೂಗು ಕೂಗಿಸಿದ. ಕೆಲಸದಲ್ಲಿ ಕತ್ತರಿಸಿ ಮಿಕ್ಕ ಅಂಟುಪಟ್ಟಿಯ ತುಂಡೊಂದು ಅಂಗಿಯ ಕಿಸೆಯಲ್ಲಿತ್ತು. ಅದನ್ನೂ ಒಳಗಿನ ಬಟ್ಟಲಿಗೆ ಅಂಟಿಸಿ, ಗೆರೆ ಕಪ್ಪಾದದ್ದನ್ನು ನೋಡಿಕೊಂಡು, ಒದ್ದೆ ಬಟ್ಟೆಯಂತಿದ್ದ ಆ ಕೋಸನ್ನು ಕೊನೆಯ ಎಳೆಯವರೆಗೂ ತಿಂದ. ತಿಂದೆಯಾ? ತಿಂದೆ ಅಕ್ಕ. ಪೂರ್ತಿ? ಪೂರ್ತಿ. ಗುಣ ಕಂಡಿತಾ? ಇನ್ನೂ ಇಲ್ಲ. ಒಂದಕ್ಷರ ಸುಳ್ಳಿಲ್ಲ. ಹೀಗೆ ಹದಿನೇಳು ಜಾಡಿ. ಬಿಸಿಗೆ ಸಾಯುವುದರಲ್ಲಿ ಒಳ್ಳೆಯದು ಕೆಟ್ಟದ್ದು ಎಂಬ ಭೇದವಿಲ್ಲ ಎಂದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಾರಾದರೂ ಹೊಟ್ಟೆಗೆ ಹೋಗುತ್ತದಲ್ಲ ಎಂದುಕೊಂಡಿದ್ದ. ಯಾವುದಾದರೂ ಒಂದು ಭಾನುವಾರ ಹಸಿಯಾಗಿಯೇ ತಿಂದುಬಿಡುತ್ತೇನೆ ಎಂದೂ ಅಂದುಕೊಂಡಿದ್ದ. ಆ ಭಾನುವಾರ ಬರಲಿಲ್ಲ.

ಪಾಳಿ ಮುಗಿದ ಮೇಲೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವನು ಸುಳ್ಳಿನ ಅಭ್ಯಾಸ ಮಾಡಿದ. ಹಗುರಾಗಿದೆ. ಈಗ ಪರವಾಗಿಲ್ಲ, ಹಗುರಾಗಿದೆ. ಗಾಜಿನಲ್ಲಿ ಕಂಡ ಮುಖ ಬಾಯಿಪಾಠ ಮರೆತವನದ್ದು. ಅದೇ ಗಳಿಗೆಯಲ್ಲಿ ಹೊಟ್ಟೆ ಗುಡುಗಿ, ಪಕ್ಕದಲ್ಲಿದ್ದ ಹೆಂಗಸು ತನ್ನ ಚೀಲವನ್ನು ಎತ್ತಿಕೊಂಡು ಮುಂದಿನ ಸೀಟಿಗೆ ಹೋದಳು. ತಪ್ಪೇನು, ಭಾವನೇ ಹೇಳಿದ್ದಾರೆ. ಒಂದು ಮಾತು, ಅವಳ ಜೀವಕ್ಕೆ ನೆಮ್ಮದಿ. ಅವನ ಜ್ವರ, ಅವನ ಫೀಸು, ಅವನ ಹರಿದ ತೋಳು ಎಲ್ಲವನ್ನೂ ಅವಳ ಆ ಕೈಯೇ ನೋಡಿಕೊಂಡಿತ್ತು. ಬೆರಳ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಚರ್ಮ; ತಲೆ ನೇವರಿಸಿದರೆ ಕೂದಲಿಗೆ ಸಿಕ್ಕಿಕೊಳ್ಳುತ್ತಿತ್ತು. ಈಗ ಆ ಕೈ ತಪ್ಪು ಮಾಡಿದೆ ಎಂದು ಅವಳು ಅದನ್ನು ಮೂಲೆಯಲ್ಲಿ ನಿಲ್ಲಿಸಿದ್ದಾಳೆ. ತಪ್ಪು ಮಾಡಿದವನು ಬಸ್ಸಿನಲ್ಲಿ ಕೂತು ಬಾಯಿಪಾಠ ಹೇಳಿಕೊಳ್ಳುತ್ತಿದ್ದಾನೆ.

ಅಕ್ಕನ ಮನೆಯ ಬಾಗಿಲು ತೆರೆದೇ ಇತ್ತು. ಹೊಲಿಗೆಯಂತ್ರದ ಮುಂದೆ ಕೂತಿದ್ದಳು, ಹೊಲಿಯುತ್ತಿರಲಿಲ್ಲ. ಗೋಡೆಯ ಬುಡದಲ್ಲಿ ಪತ್ರಿಕೆ ಸುತ್ತಿದ ಏಳು ಜಾಡಿಗಳು ಸಾಲಾಗಿ ನಿಂತಿದ್ದವು, ಯಾರೋ ಕರೆದುಕೊಂಡು ಹೋಗಲು ಬರುತ್ತಾರೆಂದು ಕಾಯುತ್ತಿರುವ ಮಕ್ಕಳ ಹಾಗೆ. ಇವತ್ತೇನು ಇಷ್ಟು ಹೊತ್ತಿಗೆ, ಊಟ ಆಯ್ತಾ, ಮುಖ ಯಾಕೆ ಹೀಗೆ, ಎಂದು ಅವಳು ಮೂರು ಪ್ರಶ್ನೆಯನ್ನು ಒಂದೇ ಉಸಿರಿಗೆ ಕೇಳಿದಳು. ಚಪ್ಪಲಿ ಬಿಡುವ ಮೊದಲೇ, ಬಿಟ್ಟರೆ ಧೈರ್ಯವೂ ಬಿಟ್ಟುಹೋದೀತೆಂದು, ಅವನು ಹೇಳಿಬಿಟ್ಟ: ಹೊಟ್ಟೆ ಈಗ ಪರವಾಗಿಲ್ಲ ಅಕ್ಕ, ಹಗುರಾಗಿದೆ.

ಅವಳು ಕನ್ನಡಕ ತೆಗೆದಳು. ಯಾವತ್ತಿನಿಂದ ಎಂದು ಕೇಳಿದಳು. ಇದಕ್ಕೆ ಅವನು ಸಿದ್ಧನಾಗಿ ಬಂದಿರಲಿಲ್ಲ. ಎರಡು ಮೂರು ವಾರ ಆಗಿರಬಹುದು, ಖಾತ್ರಿಯಾಗಲಿ ಎಂದು ಫೋನಿನಲ್ಲಿ ಹೇಳಿರಲಿಲ್ಲ ಎಂದ. ಆಗ ಅವಳ ಮುಖದಲ್ಲಿ ಮೂಡಿದ ಬೆಳಕನ್ನು ನೋಡಿ, ಸುಳ್ಳು ಇಷ್ಟು ಸಲೀಸೇ ಎಂದು ಅವನಿಗೇ ದಿಗಿಲಾಯಿತು. ಅವಳು ಎದ್ದು ಒಳಗೆ ಹೋಗಿ ಒಂದು ಜಾಡಿ ತಂದು ಅವನೆದುರು ಇಟ್ಟಳು. ಉಳಿದವುಗಳಂತಲ್ಲ ಅದು, ಹೊಸದು, ಫಳಫಳ ಹೊಳೆಯುವುದು.

"ಹಾಗಾದ್ರೆ ಇದೇ" ಎಂದಳು. "ಮೂರು ವಾರ ಆಯ್ತು ನಾನು ಬೇರೆ ಥರ ಮಾಡಿದ್ದನ್ನ ನಿಂಗೆ ತರಕ್ಕೆ ಶುರುಮಾಡಿ. ನಿಂಗೆ ಹೇಳಿರ್ಲಿಲ್ಲ. ನೀನೇ ಹೇಳ್ತಿದ್ದೆಯಲ್ಲ ಪುಟ್ಟಾ, ಒಂದು ಚುಕ್ಕೇಲಿ ಒಂದು ಊರು ಇರತ್ತೆ ಅಂತ. ನನ್ನ ಕೈಯಲ್ಲಿ ಎಷ್ಟು ಊರಿದ್ಯೋ ಏನೋ, ಅವೇ ನಿನ್ನ ಹೊಟ್ಟೇನ ಕೆಡಿಸ್ತಿವೆ ಅನ್ನಿಸ್ತು. ಜಾಡಿ ಕುದಿಸಿದೆ, ಕೋಸನ್ನೂ ಕುದಿಯೋ ನೀರಲ್ಲಿ ಅದ್ದಿ ತೆಗೆದೆ, ಕೈ ಮುಟ್ಟಿಸದೆ ಸೌಟಲ್ಲಿ ತುಂಬಿದೆ. ಇದ್ರಿಂದಲೂ ನಿಂಗೆ ಗುಣ ಆಗಿಲ್ಲ ಅಂದ್ಕೊಂಡೇ ಎಲ್ಲಾ ಕಟ್ಟಿಟ್ಟಿದ್ದೆ."

ಇನ್ನು ಮೇಲೆ ಐದು ಮನೆಗೂ ಇದನ್ನೇ ಮಾಡಿಕೊಡುತ್ತಾಳಂತೆ. ಎದುರು ಮನೆಯವರ ತಾಯಿಗೆ ಆಪರೇಷನ್ ಆಗಿದೆ, ಅವರು ಒಂದು ಜಾಡಿ ಕೇಳಿದ್ದಾರೆ. ಈ ಸಂಜೆಯೇ ಕೊಟ್ಟು, ಮಾಡುವ ರೀತಿಯನ್ನೂ ಬರೆಸಿಬಿಡುತ್ತಾಳಂತೆ. ಇಷ್ಟು ವರ್ಷ ಹಳೇ ಪದ್ಧತಿ ಹಿಡಿದುಕೊಂಡು ಜನಕ್ಕೆ ಕೊಳೆ ತಿನ್ನಿಸಿದೆನಲ್ಲ, ಒಬ್ಬರೂ ಬಾಯಿಬಿಟ್ಟು ಹೇಳಲಿಲ್ಲ ನೋಡು, ಒಳ್ಳೇ ಜನ ಎಂದಳು. ಅವನು ಜಾಡಿಯನ್ನು ನೋಡಿದ. ಒಂದು ಗುಳ್ಳೆಯಿಲ್ಲ. ಕೋಸು ತಳದಲ್ಲಿ ಮೆತ್ತಗೆ ಕುಸಿದಿತ್ತು, ನೀರಿನ ಮೇಲೆ ಬೂದುಬಣ್ಣದ ತೆಳ್ಳನೆಯ ಪೊರೆ. ಹುಳಿ ಕೂಡಿಸುವವರು ಸತ್ತು ಖಾಲಿಯಾದ ಜಾಗಕ್ಕೆ ಬೇರೆ ಯಾರೋ ಬಂದು ಸೇರಿಕೊಳ್ಳುತ್ತಿದ್ದರು. ಕಳೆದ ಮೂರು ಭಾನುವಾರ ಅವನ ಮನೆಗೂ ಇದೇ ಬಂದಿದೆ, ಮತ್ತು ಅವನಿಗೆ ವ್ಯತ್ಯಾಸವೇ ತಿಳಿದಿಲ್ಲ. ಹೇಗೆ ತಿಳಿಯಬೇಕು? ಎಲ್ಲವನ್ನೂ ಕೂಗಿಸಿ ತಿಂದವನಿಗೆ ಎಲ್ಲವೂ ಒದ್ದೆ ಬಟ್ಟೆಯೇ. ಅವಳ ನಲವತ್ತು ವರ್ಷದ ವಿದ್ಯೆಯನ್ನು ಅವನ ಒಂದು ಹಳೆಯ ಮಾತು ಕೊಂದಿತ್ತು, ಹೊಸ ಮಾತೊಂದು ಈಗ ಅದಕ್ಕೆ ಮುದ್ರೆ ಒತ್ತಿತ್ತು. ಅವಳು ಆಗಲೇ ಚೀಲ ಹುಡುಕುತ್ತಿದ್ದಳು.

"ಅಕ್ಕ, ಅದನ್ನ ಕೊಡ್ಬೇಡ" ಎಂದ. ಅವಳು ತಿರುಗಿದಳು. "ನಾನು ಬೇಯಿಸಿ ತಿಂದೆ."

"ಏನನ್ನ?"

"ಎಲ್ಲಾನೂ. ಮೊದಲನೇ ಜಾಡಿಯಿಂದ. ಕುಕ್ಕರಲ್ಲಿ, ಮೂರು ಕೂಗು. ಒಂದ್ ದಿನಾನೂ ನೀನು ಮಾಡಿಕೊಟ್ಟ ಹಾಗೆ ತಿಂದಿಲ್ಲ. ಹೊಟ್ಟೆ ಏನೂ ಹಗುರಾಗಿಲ್ಲ. ನಿನ್ನ ಕೈದು ಏನೂ ತಪ್ಪಿಲ್ಲ."

ಹೇಳಿದ ಮೇಲೆ ಕೋಣೆ ದೊಡ್ಡದಾದಂತಾಯಿತು. ಅಕ್ಕ ನಿಧಾನಕ್ಕೆ ಬಂದು ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತಳು. ಬೈದರೆ ಬೈಯಲಿ ಎಂದು ಅವನು ಚಿಕ್ಕಂದಿನಲ್ಲಿ ನಿಲ್ಲುತ್ತಿದ್ದ ಹಾಗೆಯೇ, ಒಂದು ಕಾಲ ಮೇಲೆ ಭಾರ ಬಿಟ್ಟು ನಿಂತಿದ್ದ. ಅವಳು ಕೇಳಿದ್ದು, "ಮೂರು ಯಾಕೆ? ಎರಡು ಸಾಕಾಗ್ತಿರ್ಲಿಲ್ವಾ?" ಎಂದು. ಅವನು ನಿಜವಾಗಿಯೇ ವಿವರಿಸಲು ಹೊರಟ. ಮೊದಲ ಕೂಗಿಗೆ ಒಳಗಿನ ಗಾಳಿಯೆಲ್ಲ ಹೊರಗೆ ಹೋಗಿರುವುದಿಲ್ಲ, ಎರಡನೆಯದಕ್ಕೆ ನಡುವಿನವರೆಗೆ ಬಿಸಿ ತಾಗಿರುತ್ತದೋ ಇಲ್ಲವೋ, ಎಂದು ಅರ್ಧ ಹೇಳಿ, ಅವಳ ಮುಖ ನೋಡಿ ನಿಲ್ಲಿಸಿದ. ಅಂಟುಪಟ್ಟಿಯ ಸಂಗತಿಯನ್ನು ನುಂಗಿಕೊಂಡ.

"ನಿಂಗೆ ಹಲ್ಲು ಬರೋ ಮುಂಚೆ ರೊಟ್ಟೀನ ನಾನು ಅಗಿದು ನಿನ್ನ ಬಾಯಿಗೆ ಇಡ್ತಿದ್ದೆ" ಎಂದಳು. "ಅಮ್ಮಂಗೆ ಹುಷಾರಿರ್ಲಿಲ್ಲ. ನಂಗೆ ಹನ್ನೊಂದು ವರ್ಷ, ಎರಡು ಹುಳುಕು ಹಲ್ಲು ಬೇರೆ. ಅವಾಗ ನನ್ನ ಬಾಯೀನ ಯಾರು ಕೂಗಿಸಿದ್ರು?"

ಅವನಿಗೆ ನಗು ಬಂತು; ನಗಬಹುದೋ ಬಾರದೋ ತಿಳಿಯಲಿಲ್ಲ. ಅಕ್ಕನೂ ನಕ್ಕಳು, ಆದರೆ ನಗುತ್ತಿದ್ದವಳು ಹಾಗೇ ಸೆರಗಿನಿಂದ ಕಣ್ಣೊತ್ತಿಕೊಂಡಳು. ಅವನು ಹಸಿಯಾಗಿ ತಿನ್ನದಿದ್ದದ್ದಕ್ಕೆ ಅವಳಿಗೆ ಬೇಜಾರಿಲ್ಲವಂತೆ. ಭಯ ಅಂದರೆ ಭಯ, ಅವಳಿಗೂ ಹಲ್ಲಿ ಕಂಡರೆ ಭಯ. ಆದರೆ ಫೋನಿನಲ್ಲಿ ಪ್ರತಿ ಸಲ, ಗುಣ ಕಾಣಲಿಲ್ಲ ಅಕ್ಕ ಎಂದು ಅವನು ಮೆಲ್ಲಗೆ ಹೇಳುವಾಗ, ಅವಳು ದೀಪದ ಕೆಳಗೆ ಈ ಕೈಯನ್ನು ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿಕೊಳ್ಳುತ್ತಿದ್ದಳಂತೆ. ಉಗುರನ್ನು ಬುಡದವರೆಗೆ ಕತ್ತರಿಸಿಕೊಂಡು ಒಂದು ವಾರ ಸೂಜಿ ಹಿಡಿಯಲಾಗಲಿಲ್ಲವಂತೆ. "ನೀನು ಸುಳ್ಳು ಹೇಳಲ್ಲ ಅಂತ ನಾನು ನನ್ನ ಕೈನೇ ಸುಳ್ಳು ಅಂದ್ಕೊಂಡೆ" ಎಂದಳು. ಪೂರ್ತಿ ತಿಂದೆ ಎಂದು ಹೆಮ್ಮೆಯಿಂದ ಹೇಳಿದ ಹದಿನೇಳು ಸತ್ಯಗಳು ಒಂದೊಂದಾಗಿ ನೆನಪಾಗಿ, ಪ್ರತಿಯೊಂದೂ ಮುಖ ಮುಚ್ಚಿಕೊಳ್ಳುವಂಥದ್ದಾಗಿ ಕಂಡಿತು.

ಅವಳು ಎದ್ದು, ಹೊಳೆಯುವ ಜಾಡಿಯ ಮುಚ್ಚಳ ತೆಗೆದು ಮೂಸಿ, ಮುಖ ಕಿವುಚಿ, ಸೀದಾ ಕಸದ ಬುಟ್ಟಿಗೆ ಸುರಿದಳು. ಮೂರು ವಾರದಿಂದ ಈ ವಾಸನೆಯನ್ನು ಶುದ್ಧ ಶುದ್ಧ ಎಂದು ಒಪ್ಪಿಕೊಂಡಿದ್ದೆನಲ್ಲ, ನನ್ನ ಮೂಗಿಗೂ ಬುದ್ಧಿಯಿಲ್ಲ ಎಂದಳು. ಗೋಡೆಯ ಬುಡದ ಜಾಡಿಗಳಲ್ಲಿ ಕೊನೆಯದರ ಪತ್ರಿಕೆ ಬಿಚ್ಚಿದಳು. ಅದರಲ್ಲಿ ಹಳೆಯ ರೀತಿಯದು ಒಂದಿಷ್ಟು ಉಳಿದಿತ್ತು. ಬಟ್ಟಲಿಗೆ ಹಾಕಿ ಅವನ ಮುಂದಿಟ್ಟಳು. ಅವನ ಕಡೆ ಬೆನ್ನು ಹಾಕಿ, ಬುಟ್ಟಿಯಿಂದ ಒಂದು ಕೋಸು ತೆಗೆದು ಹೆಚ್ಚಲು ಕೂತಳು. ಅವನು ಒಂದು ಎಳೆ ತೆಗೆದುಕೊಂಡ. ನಾಲಿಗೆಯ ಮೇಲೆ ತಣ್ಣಗೆ ಕಚ್ಚಿತು. ಹಲ್ಲಿಗೆ ಸಿಕ್ಕಾಗ ಅದರಿಂದ ಸದ್ದು ಬಂತು, ಕುಕ್ಕರಿನಿಂದ ತೆಗೆದ ಕೋಸಿನಿಂದ ಎಂದೂ ಬಾರದ ಸದ್ದು. ಹುಳಿ ದವಡೆಯ ಮೂಲೆಗೆ ಏರಿ ಕಣ್ಣಲ್ಲಿ ನೀರು ತರಿಸಿತು. ಸಂಜೆಗೆ ಏನಾದೀತು, ನಾಳೆ ಪಾಳಿಯಲ್ಲಿ ಏನಾದೀತು ಎಂಬ ಎಣಿಕೆ ತಲೆಯಲ್ಲಿ ಶುರುವಾಗಿಯೇ ಇತ್ತು. ಎಣಿಕೆಯ ನಡುವೆಯೇ ಅವನು ಎರಡನೇ ಎಳೆ ತಿಂದ, ಮೂರನೆಯದನ್ನೂ ತಿಂದ. ಒಂದೇ ದಿನಕ್ಕೆ ಅಷ್ಟು ಸಾಕು, ಹೊಟ್ಟೆ ಗಾಬರಿಯಾದೀತು ಎಂದಳು ಅಕ್ಕ, ತಿರುಗಿ ನೋಡದೆಯೇ.

ಹೆಚ್ಚಿದ ಕೋಸು ಅಗಲ ಬೋಗುಣಿಯ ತುಂಬ ಗುಡ್ಡೆಯಾಯಿತು. ಅವಳು ಉಪ್ಪು ಉದುರಿಸಿ, ಬೋಗುಣಿಯನ್ನು ಅವನ ಕಡೆ ತಳ್ಳಿ, ಒತ್ತು ಎಂದಳು. ಅವನು ಕೈ ತೊಳೆಯಲು ಎದ್ದ. ಮೊಣಕೈಯವರೆಗೆ ಸೋಪು ಹಚ್ಚಿ ತೊಳೆದು, ಇನ್ನೊಮ್ಮೆ ಸೋಪಿಗೆ ಕೈಚಾಚಿದಾಗ ಬೆನ್ನ ಹಿಂದೆ ಅಕ್ಕ ಕಾಯುತ್ತಿರುವುದು ತಿಳಿದು ನಲ್ಲಿ ನಿಲ್ಲಿಸಿದ. ಬಂದು ಕೂತರೂ ಕೈ ಬೋಗುಣಿಯ ಅಂಚಿನಲ್ಲೇ ನಿಂತಿತು. ಇಪ್ಪತ್ತು ವರ್ಷದಿಂದ ಈ ಕೈಗಳು ಇನ್ನೊಬ್ಬರ ದೇಹದೊಳಕ್ಕೆ ಹೋಗುವ ಯಾವುದನ್ನೂ ಗವಸಿಲ್ಲದೆ ಮುಟ್ಟಿಲ್ಲ.

"ನನ್ನ ಕೈ ಬೇಡ ಅಕ್ಕ. ಕೆಟ್ಟುಹೋದ್ರೆ?"

"ಕೆಟ್ರೆ ವಾಸನೆ ಬರತ್ತೆ, ಚೆಲ್ತೀವಿ. ಅದಕ್ಯಾಕೆ ಸಂಜೆ ಕಾಲೇಜು?" ಎಂದಳು. "ನನ್ನ ಕೈ ನೋಡ್ಕೋ. ಬೆರಳಲ್ಲಿ ಕೀಳ್ಬೇಡ, ಅಂಗೈ ಬುಡದಿಂದ ಒತ್ತು. ಹೀಗೆ."

ಅವಳ ಕೈ ಬೋಗುಣಿಗೆ ಇಳಿಯಿತು. ಅವನ ಕೈ ಅದರ ಪಕ್ಕಕ್ಕೆ ಇಳಿಯಿತು. ಬೆರಳ ಸಂದಿಯಲ್ಲಿದ್ದ ಸಣ್ಣ ಗೀರಿಗೆ ಉಪ್ಪು ತಾಗಿ ಚುರುಗುಟ್ಟಿತು. ಕೋಸು ಮೊದಲು ಜಗಳಕ್ಕೆ ನಿಂತಂತೆ ಪುಟಿಪುಟಿದು, ಆಮೇಲೆ ಮೆತ್ತಗಾಗಿ, ಎಲ್ಲಿತ್ತೋ ನೀರು, ಅವನ ಬೆರಳುಗಳ ನಡುವೆ ತಾನಾಗಿ ಎದ್ದು ಬಂತು. ಅವನು ಒತ್ತುತ್ತಲೇ ಇದ್ದ. ಅಕ್ಕ ತನ್ನ ಕೈ ಹಿಂದೆ ತೆಗೆದುಕೊಂಡು ನೋಡಿದಳು. ಆಮೇಲೆ ಅವನ ಅಂಗೈಯ ಅಡಿಯಿಂದಲೇ ಒಂದು ಚಿಟಿಕೆ ಎಳೆದು ಬಾಯಿಗೆ ಹಾಕಿಕೊಂಡಳು. ಅವನ ಕೈ ಹಾಗೇ ನಿಂತಿತು. ಅವಳು ಕಣ್ಣು ಸಣ್ಣದು ಮಾಡಿ, ಎಡದವಡೆಯಲ್ಲಿ ಒಮ್ಮೆ, ಬಲದವಡೆಯಲ್ಲಿ ಒಮ್ಮೆ ಅಗಿದು, ನುಂಗಿ, ಉಪ್ಪು ಸರಿಯಾಗಿದೆ ಎಂದಳು. ಬಾಗಿ ಇನ್ನೊಂದು ಚಿಟಿಕೆ ತೆಗೆದುಕೊಂಡಳು.